ಗದ್ದೆ ಬದುವಿನಲ್ಲಿ ಕಂಡಿದ್ದು ಚಿರತೆಯೋ, ನಾಯಿಯೋ?

ಮೈಸೂರು, ಮಂಡ್ಯ ಕಡೆಯ ಪೇಪರ್ ಓದುವವರಿಗೆ ಈ ಜೋಡಿ ಸುದ್ದಿ ಚೆನ್ನಾಗಿ ಗೊತ್ತು. ಮೊದಲ ದಿನ ‘ಗ್ರಾಮದ ಬಳಿ ಚಿರತೆ ಪ್ರತ್ಯಕ್ಷ, ಜನರಲ್ಲಿ ಆತಂಕ’. ನಾಲ್ಕು ದಿನ ಬಿಟ್ಟು ‘ಚಿರತೆ ಓಡಾಡಿದ ಕುರುಹು ಸಿಕ್ಕಿಲ್ಲ: ಅರಣ್ಯ ಇಲಾಖೆ’. ಕಣ್ಣಾರೆ ಕಂಡೆ ಅನ್ನುವವರು ಊರಲ್ಲಿ ಐದಾರು ಜನ ಇರುತ್ತಾರೆ. ಇಲಾಖೆ ಇಟ್ಟ ಕ್ಯಾಮೆರಾದಲ್ಲಿ ನಾಯಿ, ಮೇಕೆ, ಕಾಡುಬೆಕ್ಕು ಬಿಟ್ಟು ಬೇರೇನೂ ಬಿದ್ದಿರುವುದಿಲ್ಲ. ಹಾಗಾದರೆ ಸುಳ್ಳು ಹೇಳುತ್ತಿರುವವರು ಯಾರು?

ಯಾರೂ ಸುಳ್ಳು ಹೇಳದೆಯೂ ಈ ಎರಡು ಸುದ್ದಿ ಹುಟ್ಟಬಹುದು. ಅದು ಹೇಗೆ ಅಂತ ತಿಳಿಯಬೇಕಾದರೆ ಚಿರತೆಯನ್ನು ಸ್ವಲ್ಪ ಹೊತ್ತು ಬಿಟ್ಟು, ನೋಡುವವರ ಕಣ್ಣಿನ ಹಿಂದೆ ನಡೆಯುವ ಲೆಕ್ಕಾಚಾರವನ್ನು ನೋಡಬೇಕು.

ಎರಡು ಕಡೆಯ ಮಾತು

2024ರ ಡಿಸೆಂಬರ್ 31ರ ಬೆಳಗಿನ ಜಾವ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಇನ್ಫೋಸಿಸ್ ಕ್ಯಾಂಪಸ್‌ನಲ್ಲಿ ಚಿರತೆ ಕಾಣಿಸಿಕೊಂಡಿತು. ಸಿಸಿಟಿವಿಯಲ್ಲೂ ಅದು ಸಿಕ್ಕಿತು. ಉದ್ಯೋಗಿಗಳಿಗೆ ಮನೆಯಿಂದಲೇ ಕೆಲಸ ಮಾಡಲು ಹೇಳಿದರು. ತರಬೇತಿಗೆ ಬಂದಿದ್ದ ಹುಡುಗ ಹುಡುಗಿಯರು ಹಾಸ್ಟೆಲ್ ಬಿಟ್ಟು ಹೊರಗೆ ಬರಬಾರದು ಎಂದರು. ಡ್ರೋನ್ ಹಾರಿಸಿ, ಕ್ಯಾಮೆರಾ ಟ್ರ್ಯಾಪ್ ಕಟ್ಟಿ, ಬೋನು ಇಟ್ಟು ದಿನಗಟ್ಟಲೆ ಹುಡುಕಿದರೂ ಅದು ಸಿಗಲಿಲ್ಲ. ಹಾಗಂತ ‘ಚಿರತೆ ಬಂದೇ ಇರಲಿಲ್ಲ’ ಎಂದು ಯಾರೂ ಅನ್ನಲಿಲ್ಲ. ಸಿಸಿಟಿವಿ ದೃಶ್ಯ ಇತ್ತಲ್ಲ.

ಕಬ್ಬಿನ ಗದ್ದೆಯಲ್ಲಿ ಸಿಸಿಟಿವಿ ಇರುವುದಿಲ್ಲ. ಅಲ್ಲಿ ಇರುವುದು ಒಬ್ಬರ ಮಾತು ಮಾತ್ರ. ಊರಿನವರ ವಾದ ಸರಳ. ಹುಟ್ಟಿದಾಗಿನಿಂದ ನಾಯಿ ನೋಡಿಕೊಂಡು ಬಂದವರಿಗೆ ನಾಯಿ ಯಾವುದು, ಚಿರತೆ ಯಾವುದು ಅಂತ ಗೊತ್ತಾಗಲ್ವಾ? ಇಲಾಖೆಯವರು ಬೋನು ತರುವ ಕಷ್ಟ ತಪ್ಪಿಸಿಕೊಳ್ಳಲು ಹೀಗೆ ಹೇಳುತ್ತಾರೆ ಎಂಬುದು ಅವರ ದೂರು. ಇಲಾಖೆಯ ವಾದವೂ ಸರಳವೇ. ಫೋನ್ ಬಂದ ಕಡೆಗೆಲ್ಲ ಹೋಗಿ ನೋಡಿದರೆ ಎಷ್ಟೋ ಸಲ ಅದು ಬೇರೆ ಪ್ರಾಣಿ, ಇಲ್ಲವೇ ವಾಟ್ಸ್ಆ್ಯಪ್‌ನಲ್ಲಿ ತಿರುಗುತ್ತಿರುವ ಇನ್ನೆಲ್ಲಿಯದೋ ಹಳೇ ವಿಡಿಯೊ. ಇರುವ ಸಿಬ್ಬಂದಿ, ಇರುವ ಬೋನುಗಳನ್ನು ಎಲ್ಲ ಕಡೆ ಕಳಿಸಲು ಆಗುವುದಿಲ್ಲ.

ಎರಡೂ ಮಾತಿನಲ್ಲಿ ಒಂದು ನಂಬಿಕೆ ಅಡಗಿದೆ. ಕಣ್ಣು ಕ್ಯಾಮೆರಾ ಇದ್ದ ಹಾಗೆ, ಎದುರಿಗೆ ಇದ್ದದ್ದು ಒಳಗೆ ಹೋಗುತ್ತದೆ, ಸರಿಯಾಗಿ ನೋಡಿದವರಿಗೆ ಸರಿಯಾಗಿ ಕಾಣುತ್ತದೆ ಎಂಬ ನಂಬಿಕೆ. ಗಲಾಟೆ ಶುರುವಾಗುವುದೇ ಇಲ್ಲಿಂದ.

ಕತ್ತಲಲ್ಲಿ ಕಣ್ಣಿಗೆ ಸಿಗುವುದು ಎಷ್ಟು

ಚಿರತೆ ಕಂಡೆ ಎನ್ನುವ ಎಷ್ಟೋ ಪ್ರಸಂಗಗಳಲ್ಲಿ ಹೊತ್ತು ಮುಳುಗುವ ಸಮಯವೋ, ರಾತ್ರಿಯೋ, ನಸುಕೋ ಆಗಿರುತ್ತದೆ. ಚಿರತೆ ಓಡಾಡುವುದೂ ಆ ಹೊತ್ತಲ್ಲೇ. ಮನುಷ್ಯನ ಕಣ್ಣು ಕೈಕೊಡುವುದೂ ಆಗಲೇ.

ನಮ್ಮ ಕಣ್ಣಿನ ಹಿಂಪರದೆಯಲ್ಲಿ ಎರಡು ಬಗೆಯ ಕೋಶಗಳಿವೆ. ಒಂದು ಹಗಲಿನವು. ಬಣ್ಣ, ಸೂಕ್ಷ್ಮ ವಿವರ ಅವುಗಳ ಕೆಲಸ. ಇನ್ನೊಂದು ಮಬ್ಬು ಬೆಳಕಿನವು. ಅವುಗಳಿಗೆ ಬಣ್ಣ ತಿಳಿಯುವುದಿಲ್ಲ. ಕತ್ತಲಾದ ಮೇಲೆ ಕಂದು ನಾಯಿ, ಹಳದಿ ಚಿರತೆ ಎರಡೂ ಒಂದೇ ಬೂದು ಬಣ್ಣ. ಮೈಮೇಲಿನ ಮಚ್ಚೆಯಂತೂ ಕಾಣುವುದೇ ಕಷ್ಟ. ಬೆಳಕಿನಿಂದ ಕತ್ತಲಿಗೆ ಬಂದ ಮೇಲೆ ಈ ಮಬ್ಬಿನ ಕೋಶಗಳು ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಮೊಬೈಲ್ ನೋಡುತ್ತಾ ನಡೆದು ಬಂದವರು ಥಟ್ಟನೆ ತಲೆ ಎತ್ತಿದರೆ ಆ ಹೊಂದಾಣಿಕೆ ಆಗಿಯೇ ಇರುವುದಿಲ್ಲ.

ಇನ್ನೊಂದು ವಿಚಿತ್ರ ಇದೆ. ನಾವು ಏನನ್ನಾದರೂ ನೇರವಾಗಿ ದಿಟ್ಟಿಸಿದಾಗ ಅದರ ಬಿಂಬ ಬೀಳುವ ನಟ್ಟನಡುವಿನ ಜಾಗದಲ್ಲಿ ಮಬ್ಬಿನ ಕೋಶಗಳು ಇಲ್ಲವೇ ಇಲ್ಲ. ಹಾಗಾಗಿ ಕತ್ತಲಲ್ಲಿ ಓರೆಗಣ್ಣಿಗೆ ಕಂಡ ಮಸುಕಾದ ಆಕಾರ, ಅದರತ್ತಲೇ ತಿರುಗಿ ನೋಡಿದ ಕೂಡಲೇ ಕರಗಿ ಹೋಗಬಹುದು. ‘ನೋಡ್ತಾ ನೋಡ್ತಾ ಮಾಯ ಆಗ್ಬಿಡ್ತು ಸಾರ್’ ಎನ್ನುವ ಮಾತಿನಲ್ಲಿ ಇದರ ಪಾಲೂ ಇರಬಹುದು. ಪ್ರಾಣಿ ಕಬ್ಬಿನೊಳಗೆ ನುಸುಳಿತು ಎಂದೇ ಆಗ ಅನಿಸುತ್ತದೆ.

ಬ್ಯಾಟರಿ ಬೆಳಕು ಬಿಟ್ಟರೆ ಎರಡು ಕಣ್ಣು ಹೊಳೆಯುತ್ತವೆ, ಸರಿ. ಆದರೆ ಚಿರತೆಯ ಕಣ್ಣು ಹೊಳೆಯುವ ಹಾಗೆ ನಾಯಿ, ಬೆಕ್ಕು, ನರಿ, ದನ, ಕುರಿಯ ಕಣ್ಣೂ ಹೊಳೆಯುತ್ತವೆ. ಗಾತ್ರದ ಕಥೆ ಇನ್ನೂ ಕಷ್ಟ. ಎಷ್ಟು ದೂರದಲ್ಲಿದೆ ಎಂದು ತಿಳಿಯದೆ ಎಷ್ಟು ದೊಡ್ಡದು ಎಂದು ತಿಳಿಯಲು ಆಗುವುದಿಲ್ಲ. ಬಟಾಬಯಲಿನಂಥ ಕತ್ತಲಲ್ಲಿ ಅಳತೆಗೆ ಮರವಿಲ್ಲ, ಗೋಡೆಯಿಲ್ಲ. ಇಪ್ಪತ್ತು ಅಡಿ ದೂರದ ಕಾಡುಬೆಕ್ಕನ್ನು ಐವತ್ತು ಅಡಿ ದೂರದಲ್ಲಿದೆ ಎಂದುಕೊಂಡರೆ ಅದು ಎರಡೂವರೆ ಪಟ್ಟು ದೊಡ್ಡದಾಗಿ ಕಾಣುತ್ತದೆ.

ಮಿಕ್ಕಿದ್ದನ್ನು ಮನಸ್ಸು ತುಂಬುತ್ತದೆ

ಕಣ್ಣಿಗೆ ಅರೆಬರೆ ಸಿಕ್ಕಿದ್ದರೂ ನಮಗೆ ಅರೆಬರೆ ಕಾಣುವುದಿಲ್ಲ. ಪೂರ್ತಿ ಪ್ರಾಣಿಯೇ ಕಾಣುತ್ತದೆ. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 19ನೇ ಶತಮಾನದಲ್ಲೇ ಹೇಳಿದ್ದು ಇದನ್ನು. ನೋಡುವುದು ಅಂದರೆ ನಮಗೇ ತಿಳಿಯದ ಹಾಗೆ ಒಳಗೆ ನಡೆಯುವ ಊಹೆ. ಸಿಕ್ಕಿದ ಚೂರುಪಾರು ಸುಳಿವಿನ ಮೇಲೆ ‘ಇದು ಇಂಥದ್ದೇ ಇರಬೇಕು’ ಎಂದು ಮಿದುಳು ತೀರ್ಮಾನಿಸಿ, ಆ ತೀರ್ಮಾನವನ್ನೇ ದೃಶ್ಯವಾಗಿ ನಮ್ಮ ಮುಂದಿಡುತ್ತದೆ. ಊಹೆ ಮಾಡಿದ್ದು ನಮ್ಮ ಅನುಭವಕ್ಕೆ ಬರುವುದೇ ಇಲ್ಲ.

ನಮ್ಮ ಕಡೆಯವರಿಗೆ ಇದು ತೀರಾ ಹೊಸ ಮಾತಲ್ಲ. ಮಬ್ಬಿನಲ್ಲಿ ಹಗ್ಗ ಹಾವಾಗಿ ಕಾಣುವ ಉದಾಹರಣೆಯನ್ನು ವೇದಾಂತಿಗಳು ನೂರಾರು ವರ್ಷದಿಂದ ಹೇಳುತ್ತಾ ಬಂದಿದ್ದಾರೆ. ಅಲ್ಲಿ ಗಮನಿಸಬೇಕಾದದ್ದು, ಹಗ್ಗ ನೋಡಿದವನು ಹಾವು ‘ಅಂದುಕೊಳ್ಳುವುದಿಲ್ಲ’. ಅವನಿಗೆ ಹಾವೇ ಕಾಣುತ್ತದೆ. ಎದೆ ಹೊಡೆದುಕೊಳ್ಳುವುದೂ ನಿಜವೇ.

1949ರಲ್ಲಿ ಅಮೆರಿಕದ ಬ್ರೂನರ್ ಮತ್ತು ಪೋಸ್ಟ್‌ಮನ್ ಎಂಬ ಮನಶ್ಶಾಸ್ತ್ರಜ್ಞರು ಇಸ್ಪೀಟ್ ಎಲೆಗಳನ್ನು ಕ್ಷಣಮಾತ್ರ ತೋರಿಸಿ ಇದು ಯಾವ ಎಲೆ ಎಂದು ಕೇಳಿದರು. ನಡುನಡುವೆ ಬಣ್ಣ ಅದಲುಬದಲು ಮಾಡಿದ ಎಲೆ ಸೇರಿಸಿದ್ದರು. ಇಸ್ಪೀಟು ಕೆಂಪಗೆ, ಆಟೀನು ಕಪ್ಪಗೆ, ಈ ಥರ. ನೋಡಿದ ಬಹಳಷ್ಟು ಜನ ಮೊದಮೊದಲು ಏನೂ ತಡವರಿಸದೆ ಮಾಮೂಲಿ ಎಲೆಯ ಹೆಸರನ್ನೇ ಹೇಳಿದರು. ಎಂದಿನಿಂದ ಕಂಡು ರೂಢಿಯಾದದ್ದೇ ಅವರ ಕಣ್ಣಿಗೂ ಕಂಡಿತು. ಊರಲ್ಲಿ ನಾಲ್ಕು ದಿನದಿಂದ ಚಿರತೆಯದೇ ಮಾತು ನಡೆದಿದ್ದರೆ ಬದುವಿನ ಮೇಲಿನ ಮಸುಕಾದ ಆಕಾರಕ್ಕೆ ಮಿದುಳು ಹಚ್ಚುವ ಹೆಸರು ಯಾವುದು ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ.

ನಾಲ್ಕು ಸಾವಿನ ನೆನಪು

ಆ ಮಾತು ಸುಮ್ನೆ ಹುಟ್ಟಿದ್ದಲ್ಲ. 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿವರೆಗೆ, ಮೂರು ತಿಂಗಳೊಳಗೆ, ತಿ. ನರಸೀಪುರ ತಾಲ್ಲೂಕಿನಲ್ಲಿ ನಾಲ್ಕು ಜನ ಚಿರತೆ ದಾಳಿಗೆ ಬಲಿಯಾದರು. ಅದರಲ್ಲಿ ಒಬ್ಬ 11 ವರ್ಷದ ಹುಡುಗ. ಅದೇ ನವೆಂಬರ್‌ನಲ್ಲಿ ಕೆಆರ್‌ಎಸ್‌ನ ಬೃಂದಾವನಕ್ಕೂ ಚಿರತೆ ಬಂದು ಹಲವು ದಿನ ಬಾಗಿಲು ಹಾಕಿದ್ದರು. ಆಮೇಲೆ ಮೈಸೂರಿನಲ್ಲಿ ಚಿರತೆ ಕಾರ್ಯಪಡೆಯನ್ನೇ ಮಾಡಿದರು. 2025ರ ನವೆಂಬರ್‌ನಲ್ಲಿ ಸರಗೂರು, ಎಚ್.ಡಿ. ಕೋಟೆ ಕಡೆ ಹುಲಿ ದಾಳಿಯಿಂದ ಜನ ಸತ್ತಾಗ ಬಂಡೀಪುರ, ನಾಗರಹೊಳೆಯ ಸಫಾರಿಯನ್ನು ನಿಲ್ಲಿಸಿದರು.

ಟ್ವೆರ್‌ಸ್ಕಿ ಮತ್ತು ಕಾನೆಮನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1973ರಲ್ಲಿ ಒಂದು ವಿಷಯ ತೋರಿಸಿಕೊಟ್ಟರು. ಒಂದು ಸಂಗತಿ ಎಷ್ಟು ಸಲ ನಡೆಯುತ್ತದೆ ಎಂದು ಅಂದಾಜಿಸುವಾಗ ನಾವು ಎಣಿಸುವುದಿಲ್ಲ. ಅದರ ಉದಾಹರಣೆ ಎಷ್ಟು ಸುಲಭವಾಗಿ ನೆನಪಿಗೆ ಬರುತ್ತದೆ ಎಂದು ನೋಡುತ್ತೇವೆ. ಬೇಗ ನೆನಪಾದದ್ದು ಜಾಸ್ತಿ ನಡೆಯುತ್ತದೆ ಎಂದು ನಂಬುತ್ತೇವೆ.

ಇದೇ ಗದ್ದೆಗಳಲ್ಲಿ ಹಾವಿದೆ. ಭಾರತದಲ್ಲಿ 2000ರಿಂದ 2019ರವರೆಗೆ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಡಿತದಿಂದ ಸತ್ತಿದ್ದಾರೆ ಎಂಬ ಅಂದಾಜಿದೆ. ಹಾವು ಕಡಿತ ಎಷ್ಟಿದೆ ಎಂಬ ಸರಿಯಾದ ಲೆಕ್ಕ ಸಿಗಲೆಂದೇ ಕರ್ನಾಟಕ 2024ರಲ್ಲಿ ಅದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಪಕ್ಕದಲ್ಲೇ ಬೆಂಗಳೂರು–ಮೈಸೂರು ಹೆದ್ದಾರಿ ಇದೆ. 2023ರಲ್ಲಿ ಅಲ್ಲಿ ನೂರಕ್ಕೂ ಜಾಸ್ತಿ ಜನ ಸತ್ತ ಮೇಲೆ, ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್‌ಗಳನ್ನು ಮುಖ್ಯ ರಸ್ತೆಗೆ ಬಿಡುವುದನ್ನು ನಿಲ್ಲಿಸಿದರು. ಹಾವಿಗೆ, ಹೆದ್ದಾರಿಗೆ ಹೆದರಿ ಊರಿಗೆ ಊರೇ ಸಂಜೆ ಆರಕ್ಕೆ ಬಾಗಿಲು ಹಾಕಿಕೊಂಡದ್ದಿಲ್ಲ.

ಇದನ್ನು ಹೇಳಿ ‘ನೋಡಿ, ಜನಕ್ಕೆ ಲೆಕ್ಕ ಗೊತ್ತಿಲ್ಲ’ ಎಂದು ನಗುವುದು ಸುಲಭ, ಆದರೆ ಸರಿಯಲ್ಲ. ಭಯ ತಲೆಎಣಿಕೆಯಿಂದ ಮಾತ್ರ ಬರುವುದಿಲ್ಲ. ಅಪಾಯ ನಮ್ಮ ಹತೋಟಿಯಲ್ಲಿ ಇದೆಯೋ ಇಲ್ಲವೋ, ಅದು ಮಕ್ಕಳನ್ನು ಮುಟ್ಟುತ್ತದೆಯೋ, ಕಣ್ಣಿಗೆ ಕಾಣದ ಹಾಗೆ ಬರುತ್ತದೆಯೋ, ಇವೆಲ್ಲ ಸೇರುತ್ತವೆ. ಬೈಕಿನ ಹ್ಯಾಂಡಲ್ ನಮ್ಮ ಕೈಯಲ್ಲಿದೆ ಎಂಬ ಭರವಸೆ ಇರುತ್ತದೆ, ಅದು ಸುಳ್ಳು ಭರವಸೆಯೇ ಇರಲಿ. ಕಬ್ಬಿನೊಳಗಿಂದ ಬರುವುದಕ್ಕೆ ಹ್ಯಾಂಡಲ್ ಇಲ್ಲ.

ಮೊದಲೂ ಇತ್ತು, ಈಗ ಕಾಣುತ್ತಿದೆ

1954ರ ಏಪ್ರಿಲ್‌ನಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ಕಾರುಗಳ ಮುಂದಿನ ಗಾಜಿನಲ್ಲಿ ಇದ್ದಕ್ಕಿದ್ದಂತೆ ಸಣ್ಣಸಣ್ಣ ಗುಳಿ ಕಾಣಿಸಿಕೊಂಡವು. ಕೆಲವೇ ದಿನಗಳಲ್ಲಿ ಸುಮಾರು 3,000 ವಾಹನಗಳ ಬಗ್ಗೆ ಪೊಲೀಸರಿಗೆ ದೂರು ಬಂತು. ಬಾಂಬ್ ಪರೀಕ್ಷೆಯ ಬೂದಿ ಬಿದ್ದು ಹೀಗಾಗಿದೆ ಎಂದೂ ಜನ ಆಡಿಕೊಂಡರು. ಕೊನೆಗೆ ಗೊತ್ತಾದದ್ದು ಇಷ್ಟೇ. ಬಹುಪಾಲು ಗುಳಿಗಳು ರಸ್ತೆಯ ಕಲ್ಲುಪುಡಿ ತಾಗಿ ವರ್ಷಗಳಿಂದ ಆದವು. ಅಲ್ಲಿಯತನಕ ಎಲ್ಲರೂ ಗಾಜಿನ ಮೂಲಕ ನೋಡುತ್ತಿದ್ದರು. ಸುದ್ದಿ ಓದಿದ ಮೇಲೆ ಗಾಜನ್ನೇ ನೋಡಿದರು.

ಗುಳಿಗಳು ಸುಳ್ಳಲ್ಲ, ಹೊಸವು ಎಂಬುದು ಸುಳ್ಳು. ನಮ್ಮ ಕಡೆ ತೊಂಬತ್ತರ ದಶಕದಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಸಿದ ಗಾಳಿಸುದ್ದಿಗೂ ಚಿರತೆಯ ಸುದ್ದಿಗೂ ಇರುವ ವ್ಯತ್ಯಾಸ ಇದೇ. ಅಲ್ಲಿ ಬರುವವಳೇ ಇರಲಿಲ್ಲ. ಇಲ್ಲಿ ಪ್ರಾಣಿ ನಿಜವಾಗಿ ಇದೆ. 2022ರ ಗಣತಿಯ ಅಂದಾಜಿನಲ್ಲಿ ಕರ್ನಾಟಕದ ಚಿರತೆಗಳು 1,879, ಇಡೀ ದೇಶದಲ್ಲಿ 13,874. ಆ ಲೆಕ್ಕವೂ ಮುಖ್ಯವಾಗಿ ಕಾಡಿನದು, ಕಬ್ಬಿನ ಗದ್ದೆಯದಲ್ಲ. ಆಳೆತ್ತರಕ್ಕೂ ಮೇಲೆ ಬೆಳೆದ ಕಬ್ಬು ಸುಮಾರು ಒಂದು ವರ್ಷ ನಿಂತಿರುತ್ತದೆ. ಒಳಗೆ ನೆರಳು, ಪಕ್ಕದಲ್ಲಿ ನಾಲೆ ನೀರು, ಊರ ಸುತ್ತ ನಾಯಿ, ಹಂದಿ. ಚಿರತೆಗೆ ಇನ್ನೇನು ಬೇಕು? ಕಟಾವಿಗೆ ಇಳಿದವರಿಗೆ ತರಗಿನ ನಡುವೆ ಮರಿಗಳು ಸಿಗುವುದು ಅದಕ್ಕೇ. ಕಟಾವು ಮುಗಿದ ಮೇಲೆ ಬಚ್ಚಿಟ್ಟುಕೊಳ್ಳಲು ಜಾಗ ಇಲ್ಲದೆ ಅವು ಕಣ್ಣಿಗೆ ಬೀಳುವುದೂ ಜಾಸ್ತಿ.

ಹಾಗಾಗಿ ‘ಈಚೆಗೆ ಚಿರತೆ ಕಾಣುವುದು ಹೆಚ್ಚಾಗಿದೆ’ ಎಂಬ ಮಾತಿಗೆ ಮೂರ್ನಾಲ್ಕು ಕಾರಣ ಒಟ್ಟಿಗೆ ಇರಬಹುದು. ಪ್ರಾಣಿ ಹೆಚ್ಚಿರಬಹುದು, ಕಟಾವಿನ ಕಾಲ ಇರಬಹುದು, ಪ್ರತಿ ಜೇಬಿನಲ್ಲಿ ಕ್ಯಾಮೆರಾ ಬಂದಿರುವುದು ಇರಬಹುದು, ಜನ ಗಾಜನ್ನೇ ನೋಡಲು ಶುರು ಮಾಡಿರಬಹುದು. ಬರೀ ಫೋನ್ ಕರೆಗಳ ಸಂಖ್ಯೆ ನೋಡಿ ಇದರಲ್ಲಿ ಯಾವುದು ಎಂದು ಹೇಳಲು ಬರುವುದಿಲ್ಲ.

ಯಾವ ತಪ್ಪಿಗೆ ಎಷ್ಟು ಬೆಲೆ

ಇಡೀ ಜಗಳದ ಗಂಟು ಇಲ್ಲಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ರೇಡಾರ್ ಮುಂದೆ ಕೂತವರಿಗೆ ಒಂದು ಕಷ್ಟ ಇತ್ತು. ಪರದೆಯ ಮೇಲೆ ಮಿಣುಕಿದ್ದು ಶತ್ರು ವಿಮಾನವೋ, ಸುಮ್ನೆ ಗಲಿಬಿಲಿಯೋ? ಅಲ್ಲಿಂದ ಬೆಳೆದ ಲೆಕ್ಕಾಚಾರವನ್ನು ಮನಶ್ಶಾಸ್ತ್ರ ಎರವಲು ತಂದಿತು. ಅದರ ತಿರುಳು ಇಷ್ಟು. ಸುಳಿವು ಮಸುಕಾಗಿದ್ದಾಗ ಎರಡು ಬಗೆಯ ತಪ್ಪು ಆಗಬಹುದು. ಇಲ್ಲದ್ದನ್ನು ಇದೆ ಎನ್ನುವುದು ಒಂದು. ಇದ್ದದ್ದನ್ನು ಇಲ್ಲ ಎನ್ನುವುದು ಇನ್ನೊಂದು. ಒಂದನ್ನು ಕಡಿಮೆ ಮಾಡಲು ಹೋದರೆ ಇನ್ನೊಂದು ಜಾಸ್ತಿಯಾಗುತ್ತದೆ. ಎರಡನ್ನೂ ಒಟ್ಟಿಗೆ ಇಳಿಸಬೇಕಾದರೆ ಸುಳಿವೇ ಸ್ಪಷ್ಟವಾಗಬೇಕು. ಎಷ್ಟು ಸುಳಿವು ಸಿಕ್ಕರೆ ‘ಇದೆ’ ಎನ್ನಬೇಕು ಎಂಬ ಗೆರೆಯನ್ನು ನಾವು ಯಾವ ತಪ್ಪಿನ ಬೆಲೆ ದುಬಾರಿಯೋ ಅದನ್ನು ನೋಡಿ ಎಳೆಯುತ್ತೇವೆ.

ಈಗ ಬದುವಿನ ಮೇಲೆ ನಿಂತ ರೈತನ ಲೆಕ್ಕ ನೋಡಿ. ನಾಯಿಯನ್ನು ಚಿರತೆ ಎಂದರೆ ಅವನಿಗೆ ಆಗುವ ನಷ್ಟ ಒಂದು ರಾತ್ರಿಯ ನಿದ್ದೆ, ಅಬ್ಬಬ್ಬಾ ಅಂದರೆ ನಾಳೆ ಟೀ ಅಂಗಡಿಯಲ್ಲಿ ಒಂದಿಷ್ಟು ಗೇಲಿ. ಚಿರತೆಯನ್ನು ನಾಯಿ ಎಂದರೆ ಮಗು ಹೋಗಬಹುದು, ಕೊಟ್ಟಿಗೆಯ ಕರು ಹೋಗಬಹುದು. ಅವನ ಗೆರೆ ಕೆಳಗಿರುತ್ತದೆ. ತರಗು ಸರಿದ ಸದ್ದೂ ಸಾಕು.

ವಲಯ ಕಚೇರಿಯಲ್ಲಿ ಕೂತವರ ಲೆಕ್ಕ ಬೇರೆ. ‘ಹೌದು, ಚಿರತೆ’ ಎಂದು ಬರೆದ ಕೂಡಲೇ ಜೀಪ್, ಸಿಬ್ಬಂದಿ, ಬೋನು, ಬೋನಿಗೆ ಆಹಾರ, ವರದಿ. ನಾಲ್ಕು ಸಲ ಹೀಗೆ ಹೋಗಿ ಬರಿಗೈಲಿ ಬಂದರೆ ಐದನೇ ಊರಿಗೆ ಬೋನು ಇರುವುದಿಲ್ಲ. ಅವರ ಗೆರೆ ಮೇಲಿರುತ್ತದೆ. ಹೆಜ್ಜೆ ಗುರುತು ಬೇಕು, ಅದರಲ್ಲೂ ಉಗುರಿನ ಗುರುತು ಇರಬಾರದು. ನಡೆಯುವಾಗ ಚಿರತೆ ಉಗುರನ್ನು ಒಳಗೆಳೆದುಕೊಂಡಿರುತ್ತದೆ, ನಾಯಿಗೆ ಅದು ಬರುವುದಿಲ್ಲ. ಇಲ್ಲವೇ ಫೋಟೊ ಬೇಕು.

ಎರಡು ಕಡೆಯವರೂ ಬುದ್ಧಿ ಇರುವವರೇ. ಒಂದೇ ಮಸುಕನ್ನು ನೋಡಿ ಎರಡು ಉತ್ತರ ಹೇಳುತ್ತಾರೆ, ಯಾಕೆಂದರೆ ತಪ್ಪಿದರೆ ತೆರಬೇಕಾದ ದಂಡ ಒಂದೇ ಅಲ್ಲ. ‘ಕಂಡಿದ್ದು ಏನು’ ಎಂದು ನಡೆಯುವ ಜಗಳ ನಿಜವಾಗಿ ‘ತಪ್ಪಾದರೆ ಯಾರ ಮನೆ ಹೋಗುತ್ತದೆ’ ಎಂಬ ಜಗಳ. ಇದು ಅರ್ಥವಾಗದೆ ‘ಜನರಲ್ಲಿ ಜಾಗೃತಿ ಮೂಡಿಸಬೇಕು’ ಎಂದು ಕರಪತ್ರ ಹಂಚುವುದರಿಂದ ಹೆಚ್ಚೇನೂ ಆಗುವುದಿಲ್ಲ. ಕರಪತ್ರ ಓದಿದ ಮಾತ್ರಕ್ಕೆ ರೈತನ ದಂಡ ಕಡಿಮೆ ಆಗಲಿಲ್ಲವಲ್ಲ.

ಹುಡುಕುವವರ ಕಣ್ಣೂ ಅಷ್ಟೇ

ಇಲಾಖೆಯ ಕಣ್ಣಿಗೆ ಮನಸ್ಸಿನ ಕಾಟ ಇಲ್ಲ ಎಂದೇನಲ್ಲ. 2005ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ವುಲ್ಫ್ ಮತ್ತು ಸಂಗಡಿಗರು ಲಗೇಜ್ ತಪಾಸಣೆಯಂಥ ಒಂದು ಹುಡುಕಾಟ ಕೊಟ್ಟು ನೋಡಿದರು. ಹುಡುಕುವ ವಸ್ತು ನೂರರಲ್ಲಿ ಐವತ್ತು ಚಿತ್ರಗಳಲ್ಲಿ ಇದ್ದಾಗ ಜನ ತಪ್ಪಿಸಿಕೊಂಡದ್ದು ಸುಮಾರು ಶೇ 7. ನೂರರಲ್ಲಿ ಒಂದರಲ್ಲಿ ಮಾತ್ರ ಇದ್ದಾಗ ಶೇ 30. ಅಪರೂಪವಾದದ್ದನ್ನು ಕಣ್ಣು ಬೇಗ ಕೈಬಿಡುತ್ತದೆ. ಸಾವಿರಾರು ಫೋಟೊಗಳಲ್ಲಿ ನಾಯಿ, ಮೇಕೆ, ಗಾಳಿಗೆ ಆಡುವ ಹುಲ್ಲು ನೋಡಿ ನೋಡಿ ದಣಿದವರಿಗೂ ಇದೇ ಗತಿ.

ಇದಕ್ಕೆ ತಿರುಗಾ ಎನ್ನುವಂಥ ಇನ್ನೊಂದು ಪ್ರಯೋಗ 2018ರದು. ನೇರಳೆಯಿಂದ ನೀಲಿವರೆಗಿನ ಚುಕ್ಕೆಗಳನ್ನು ಒಂದೊಂದಾಗಿ ತೋರಿಸಿ, ನೀಲಿ ಯಾವುದು ಎಂದು ಕೇಳುತ್ತಾ ಹೋದರು. ನಡುವೆ ನೀಲಿ ಚುಕ್ಕೆಗಳನ್ನು ಕಡಿಮೆ ಮಾಡಿದರು. ಆಗ ಜನ ಮೊದಲು ನೇರಳೆ ಎಂದಿದ್ದ ಚುಕ್ಕೆಗಳನ್ನೇ ನೀಲಿ ಎನ್ನಲು ಶುರು ಮಾಡಿದರು. ಬೆದರಿಸುವಂಥ ಮುಖಗಳ ವಿಷಯದಲ್ಲೂ ಹಾಗೇ ಆಯಿತು. ಚಿರತೆ ಸಿಕ್ಕಿಬಿದ್ದ ಮೇಲೂ ವಾರಗಟ್ಟಲೆ ‘ಇನ್ನೊಂದಿದೆ’ ಎಂಬ ಕರೆ ಬರುತ್ತಲೇ ಇರುತ್ತದಲ್ಲ, ಅದಕ್ಕೆ ಇದೂ ಒಂದು ಕಾರಣ ಇರಬಹುದು. ನಿಜವಾಗಿ ಇನ್ನೊಂದು ಇರಲೂಬಹುದು, ಅದು ಬೇರೆ ಮಾತು.

ಪ್ರಶ್ನೆ ಕೇಳುವ ರೀತಿ

ಸಾಕ್ಷಿ ಹೇಳುವವರ ನೆನಪು ಗಟ್ಟಿಯಾಗಿ ಕೂತಿರುವುದಿಲ್ಲ, ಕೇಳುವವರ ಮಾತಿಗೆ ತಕ್ಕಂತೆ ಬಾಗುತ್ತದೆ. 1974ರಲ್ಲಿ ಲಾಫ್ಟಸ್ ಮತ್ತು ಪಾಮರ್ ಎಂಬ ಮನಶ್ಶಾಸ್ತ್ರಜ್ಞರು ಅಪಘಾತದ ಫಿಲ್ಮ್ ತೋರಿಸಿ ಕಾರುಗಳ ವೇಗ ಎಷ್ಟಿತ್ತು ಎಂದು ಕೇಳಿದರು. ‘ಒಂದಕ್ಕೊಂದು ಅಪ್ಪಳಿಸಿದಾಗ’ ಎಂದು ಕೇಳಿದವರಿಗೆ ಸಿಕ್ಕ ಉತ್ತರ ಸರಾಸರಿ ಗಂಟೆಗೆ 41 ಮೈಲಿ. ‘ತಾಗಿದಾಗ’ ಎಂದು ಕೇಳಿದ್ದಕ್ಕೆ 32. ಇನ್ನೊಂದು ಪ್ರಯೋಗದಲ್ಲಿ, ವಾರ ಬಿಟ್ಟು ಕೇಳಿದರೆ ‘ಅಪ್ಪಳಿಸಿದ’ ಗುಂಪಿನವರಲ್ಲಿ ಜಾಸ್ತಿ ಜನ ಒಡೆದ ಗಾಜು ನೋಡಿದ್ದಾಗಿ ಹೇಳಿದರು. ಫಿಲ್ಮಿನಲ್ಲಿ ಗಾಜು ಒಡೆದೇ ಇರಲಿಲ್ಲ.

ಊರಿಗೆ ಬಂದ ಗಾರ್ಡ್ ಆಗಲಿ, ಟಿವಿಯವರಾಗಲಿ ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ‘ಚಿರತೆ ಯಾವ ಕಡೆ ಹೋಯ್ತು?’ ಅಲ್ಲಿಗೆ ನಾಯಿಯ ಸಾಧ್ಯತೆ ಮುಗಿಯಿತು. ‘ಏನು ಕಂಡಿರಿ? ಬಾಲ ಎಷ್ಟು ಉದ್ದ ಇತ್ತು? ಪಕ್ಕದಲ್ಲಿ ಏನಿತ್ತು, ಅದಕ್ಕಿಂತ ಎತ್ತರವೋ ಕುಳ್ಳಗೋ?’ ಎಂದು, ಒಬ್ಬೊಬ್ಬರನ್ನೇ ಬೇರೆಬೇರೆಯಾಗಿ, ಊರ ಗ್ರೂಪಿನಲ್ಲಿ ಫೋಟೊ ಓಡಾಡುವ ಮೊದಲು ಕೇಳಿದರೆ ಸಿಗುವ ಉತ್ತರದ ಬೆಲೆಯೇ ಬೇರೆ. ಖರ್ಚಿಲ್ಲದ ಕೆಲಸ ಇದು.

ಬೋನು ಇಟ್ಟ ಮೇಲೆ

ಜಗಳ ಮುಗಿಸಲು ಸುಲಭದ ದಾರಿ ಬೋನು. ಚಿರತೆ ಬಿದ್ದರೆ ಊರಿಗೆ ಸಮಾಧಾನ, ಫೋಟೊ ಪೇಪರಿಗೆ. ಆದರೆ ಬಿದ್ದದ್ದು ತಂಟೆ ಮಾಡಿದ ಚಿರತೆಯೇ ಎಂದು ಹೇಳುವುದು ಕಷ್ಟ. ಮಹಾರಾಷ್ಟ್ರದ ಜುನ್ನರ್ ಕೂಡ ಮಂಡ್ಯದ ಹಾಗೆ ಕಬ್ಬಿನ ನಾಡು. ಅಲ್ಲಿ ಚಿರತೆಗಳನ್ನು ಹಿಡಿದು ಕಾಡಿಗೆ ಬಿಟ್ಟ ಮೇಲೆ ಬಿಟ್ಟ ಜಾಗಗಳ ಆಸುಪಾಸಿನಲ್ಲಿ ಮನುಷ್ಯರ ಮೇಲಿನ ದಾಳಿ ಹೆಚ್ಚಿತು ಎಂದು ವನ್ಯಜೀವಿ ಸಂಶೋಧಕಿ ವಿದ್ಯಾ ಅತ್ರೇಯ ಮತ್ತು ಸಂಗಡಿಗರ ಅಧ್ಯಯನ 2011ರಲ್ಲಿ ತಿಳಿಸಿತು. ಅದೇ ರಾಜ್ಯದ ಅಕೋಲೆಯ ಕಬ್ಬಿನ ಗದ್ದೆಗಳ ನಡುವೆ ಚಿರತೆಗಳು ಜನರ ಜೊತೆಗೇ ಬದುಕಿಕೊಂಡಿದ್ದದ್ದೂ ಅವರ ಇನ್ನೊಂದು ಅಧ್ಯಯನದಲ್ಲಿದೆ. ಅಂದರೆ ತಪ್ಪಾಗಿ ‘ಇದೆ’ ಎಂದದ್ದರ ದಂಡ ಬರೀ ಜೀಪಿನ ಡೀಸೆಲ್ ಅಲ್ಲ. ಅದು ಇನ್ನೊಂದು ಊರಿನ ಮೇಲೆ ಬೀಳಬಹುದು.

ಬೋನು ಇಡದೆ ಸುಮ್ಮನಿದ್ದರೂ ದಂಡ ಇದೆ. ಹತ್ತು ಸಲ ಫೋನ್ ಮಾಡಿ ‘ನಾಯಿ ಇರಬೇಕು ಬಿಡಿ’ ಎನಿಸಿಕೊಂಡವರು ಹನ್ನೊಂದನೇ ಸಲ ಫೋನ್ ಮಾಡುವುದಿಲ್ಲ. ‘ತೋಳ ಬಂತು ತೋಳ’ ಕಥೆಯ ಹುಡುಗ ಬೇಕಂತಲೇ ಕೂಗಿದ್ದ. ಇಲ್ಲಿ ಬೇಕಂತ ಕೂಗಿದವರು ಯಾರೂ ಇಲ್ಲ, ಆದರೂ ಕೊನೆ ಅದೇ ಆಗಬಹುದು. ಅಥವಾ ಕಾನೂನು ಕೈಗೆ ತೆಗೆದುಕೊಂಡು ಉರುಳು, ವಿಷ ಎಂದು ಹೊರಡಬಹುದು.

ರೈತ ಸಂಘಟನೆಗಳು ಇಂಥ ಘಟನೆ ಆದಾಗಲೆಲ್ಲ ಕೇಳುವ ಇನ್ನೊಂದು ವಿಷಯಕ್ಕೆ ಸುದ್ದಿಯಲ್ಲಿ ಒಂದು ಸಾಲೂ ಸರಿಯಾಗಿ ಸಿಗುವುದಿಲ್ಲ. ಪಂಪ್‌ಸೆಟ್‌ಗೆ ತ್ರೀ ಫೇಸ್ ಕರೆಂಟನ್ನು ಹಗಲು ಹೊತ್ತಲ್ಲೇ ಕೊಡಿ ಎಂಬುದು ಅದು. ಮೇಲೆ ಹೇಳಿದ್ದನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಆ ಬೇಡಿಕೆ ಬರೀ ಅನುಕೂಲದ ಮಾತಾಗಿ ಕಾಣುವುದಿಲ್ಲ. ರಾತ್ರಿ ಪಾಳಿಯ ಕರೆಂಟಿಗೆ ಕಾದು, ಎರಡು ಗಂಟೆಗೆ ಎದ್ದು, ಅರೆನಿದ್ದೆಯಲ್ಲಿ ಒಬ್ಬನೇ ಬ್ಯಾಟರಿ ಹಿಡಿದು ಮೋಟರ್ ಆನ್ ಮಾಡಲು ಬದುವಿನ ಮೇಲೆ ಹೋಗುವವನಿಗೆ ಚಿರತೆ ಎದುರಾಗುವ ಸಾಧ್ಯತೆಯೂ ಜಾಸ್ತಿ, ಚಿರತೆಯಲ್ಲದ್ದು ಚಿರತೆಯಾಗಿ ಕಾಣುವ ಸಾಧ್ಯತೆಯೂ ಜಾಸ್ತಿ. ಅದೇ ಕರೆಂಟು ಬೆಳಗ್ಗೆ ಹತ್ತಕ್ಕೆ ಬಂದರೆ ಅವನು ಅದೇ ಬದುವಿನ ಮೇಲೆ ಹೋಗುತ್ತಾನೆ. ಅಡ್ಡ ಬಂದದ್ದು ಕಾಡುಬೆಕ್ಕಾದರೆ ಕಾಡುಬೆಕ್ಕಿನ ಹಾಗೇ ಕಾಣುತ್ತದೆ.